ಕೈ ಹಿಂದೆ ಕಟ್ಟಿಕೊಂಡು ಕಲಿಸಿದವರು

ಅವರ ಮುಖ ಕಣ್ಣಿಗೆ ಕಟ್ಟಿದ ಹಾಗಿದೆ. ಕೈಗಳು ಮಾತ್ರ ಅಷ್ಟಾಗಿ ನೆನಪಿಲ್ಲ. ಅವನ್ನು ಅವರು ಬೆನ್ನ ಹಿಂದೆ ಇಟ್ಟುಕೊಂಡಿರುತ್ತಿದ್ದರು. ನಾವು ಕಂಪ್ಯೂಟರಿನ ಮುಂದೆ ಕೂತು ತಡವರಿಸುತ್ತಿರುವಾಗ ಅವರು ಕುರ್ಚಿಯ ಎಡಕ್ಕೆ ನಿಂತು, ಒಂದು ಕೈಯಿಂದ ಇನ್ನೊಂದರ ಮಣಿಕಟ್ಟು ಹಿಡಿದು, ತೆರೆಯ ಕಡೆ ನೋಡುತ್ತಾ ಮೆಲ್ಲಗೆ ಮಾತಾಡುತ್ತಿದ್ದರು. ಎಷ್ಟೇ ತಪ್ಪು ಮಾಡಿದರೂ ಆ ಕೈ ಮುಂದೆ ಬರುತ್ತಿರಲಿಲ್ಲ.

ಅವರು ತೀರಿಕೊಂಡು ಹೆಚ್ಚು ದಿನವಾಗಿಲ್ಲ. ಬರೆಯಲು ಕೂತರೆ ಒಂದು ಇನ್ನೊಂದರ ಮೇಲೆ ಬೀಳುತ್ತದೆ. ಆದ್ದರಿಂದ ನಾನು ಕಣ್ಣಾರೆ ಕಂಡದ್ದನ್ನು, ಕಿವಿಯಾರೆ ಕೇಳಿದ್ದನ್ನು ಮಾತ್ರ ಬರೆಯುತ್ತೇನೆ.

ಮಳವಳ್ಳಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯಲ್ಲಿ ನಾನು ಕಾರ್ಯದರ್ಶಿ. ಅವರು ಅಲ್ಲಿ ಕಂಪ್ಯೂಟರ್ ಆಪರೇಟರ್. ಹೆಸರು ಬರೆಯುವುದಿಲ್ಲ; ಬರೆದರೆ ನನಗೇ ಅದು ಬೇರೆ ಯಾರದೋ ಅನ್ನಿಸುತ್ತದೆ. ಊರಿಗೆಲ್ಲ ಅವರು 'ಆಪರೇಟ್ರು'. ಕೆಲಸ ಖಾಯಂ ಅಲ್ಲ. ವರ್ಷಕ್ಕೊಮ್ಮೆ ಪಂಚಾಯಿತಿ ಮುಂದುವರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಮನೆಯಲ್ಲಿ ಹೆಂಡತಿ, ಓದುವ ಇಬ್ಬರು ಹೆಣ್ಣುಮಕ್ಕಳು. ಆ ಸಂಬಳ ಬಿಟ್ಟರೆ ಬೇರೆ ಆಸರೆ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ಅವರು ಮಾಡಿದ್ದೆಲ್ಲ ಇದನ್ನು ಪಣಕ್ಕಿಟ್ಟೇ ಮಾಡಿದ್ದು.

ನಾನು ವರ್ಗವಾಗಿ ಬಂದಾಗ ನಮ್ಮ ಕಚೇರಿಯ ಪದ್ಧತಿ ಹೀಗಿತ್ತು. ಕಂಪ್ಯೂಟರಿನ ಕೆಲಸವೆಲ್ಲ ಆಪರೇಟ್ರದು. ನಾವು ಕಾಗದದಲ್ಲಿ ಬರೆದು ಅವರ ಮೇಜಿನ ಮೇಲಿಟ್ಟು ಬರುತ್ತಿದ್ದೆವು. ನಮ್ಮ ಪಾಸ್‌ವರ್ಡುಗಳೆಲ್ಲ ಅವರ ಡ್ರಾಯರಿನ ಒಳಬದಿಗೆ ಅಂಟಿಸಿದ ಚೀಟಿಯಲ್ಲಿದ್ದವು. ಪಿಡಿಒ ಸಾಹೇಬರ ಮತ್ತು ಅಧ್ಯಕ್ಷರ ಸಹಿಯ ಡಾಂಗಲ್‌ಗಳು ಕೂಡ ಅಲ್ಲೇ. ಅದು ಪೆನ್‌ಡ್ರೈವಿನಂಥ ಒಂದು ಸಣ್ಣ ವಸ್ತು. ಕಂಪ್ಯೂಟರಿಗೆ ಸಿಕ್ಕಿಸಿ ಗುಟ್ಟಿನ ಅಂಕಿ ಒತ್ತಿದರೆ ಪಂಚಾಯಿತಿಯ ಬಿಲ್ಲಿಗೆ ಸಹಿ ಬಿದ್ದ ಹಾಗೆ. ಅಧ್ಯಕ್ಷರಾದ ಜಯಮ್ಮನವರು ತಮ್ಮ ಡಾಂಗಲ್ ಯಾವ ಬಣ್ಣದ್ದು ಎಂದು ನೋಡಿರಲಿಲ್ಲ. ಮದುವೆಗೆ ಹೋಗುವವರು ಪಕ್ಕದ ಮನೆಗೆ ಬೀಗದ ಕೈ ಕೊಟ್ಟು ಹೋಗುವುದಿಲ್ಲವೇ, ಹಾಗೆ ನಾವೆಲ್ಲ ಕೊಟ್ಟಿದ್ದೆವು. ಆಪರೇಟ್ರು ಒಳ್ಳೆಯವರಾದ್ದರಿಂದ ಏನೂ ಆಗಿರಲಿಲ್ಲ, ಅಷ್ಟೇ.

ಆಮೇಲೆ ಅವರ ಕಿಡ್ನಿ ಕೈಕೊಟ್ಟಿತು. ವಾರದಲ್ಲಿ ಎರಡು ದಿನ ಡಯಾಲಿಸಿಸ್‌ಗೆ ಮಂಡ್ಯಕ್ಕೆ ಹೋಗಬೇಕಾಯಿತು. ಆ ಎರಡು ದಿನ ನಮ್ಮ ಕಚೇರಿಯ ಬಾಗಿಲು ತೆರೆದಿರುತ್ತಿತ್ತು, ಕೆಲಸ ಮಾತ್ರ ನಡೆಯುತ್ತಿರಲಿಲ್ಲ. ಬಂದವರಿಗೆ ನಾವು ಒಂದೇ ಮಾತು ಹೇಳುತ್ತಿದ್ದೆವು: ಆಪರೇಟ್ರಿಲ್ಲ, ನಾಳೆ ಬನ್ನಿ.

ದೊಡ್ಡಿ ಎಂಬ ಹಳ್ಳಿಯ ಕಡೆಯಿಂದ ಕೆಂಪಮ್ಮ ಎಂಬ ಮುದುಕಿ ಮನೆಯ ಖಾತೆ ನಕಲಿಗಾಗಿ ಬಂದಿದ್ದರು. ನಾಳೆ ಬನ್ನಿ ಎಂದೆವು. ಮರುದಿನ ಮೊಣಕಾಲು ನೋವೆಂದು ಬರಲಾಗದೆ ಮತ್ತೊಂದು ದಿನ ಬಂದರು. ಅದೂ ಆಪರೇಟ್ರು ಮಂಡ್ಯಕ್ಕೆ ಹೋಗುವ ದಿನವೇ ಆಗಿತ್ತು. ಮುದುಕಿ ಜಗಳವಾಡಲಿಲ್ಲ. ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂತು, ಸೆರಗಿನಲ್ಲಿ ಮುಖ ಒರೆಸಿಕೊಂಡು ನಡೆದುಹೋದರು.

ಇದನ್ನು ಆಪರೇಟ್ರಿಗೆ ಹೇಳಿದ್ದು ನಮ್ಮ ಬಿಲ್ ಕಲೆಕ್ಟರ್ ಪುಟ್ಟಸ್ವಾಮಣ್ಣ, ಹೇಳಿದ್ದೂ ತಮಾಷೆಗೆ. ನೀನಿಲ್ದೆ ಈ ಆಪೀಸು ಗಂಡನಿಲ್ಲದ ಮನೆ ಆಗ್ಬುಟ್ಟದೆ ಎಂದು. ಅವರು ನಗಲಿಲ್ಲ. ಎದ್ದು ತಮ್ಮ ಕುರ್ಚಿಯನ್ನು ಹಿಂದಕ್ಕೆ ಎಳೆದು, "ಪುಟ್ಟಸ್ವಾಮಣ್ಣ, ಬನ್ನಿ, ಕೂತ್ಕಳಿ" ಎಂದರು.

"ಎಲ್ಲಿಗೆ?"

"ಇಲ್ಲಿಗೇ."

"ತಮಾಸೆ ಮಾಡ್ಬ್ಯಾಡ ಕಣ್ಲಾ. ನಾನು ಕೈಯಿಟ್ರೆ ಒಗೆ ಬತ್ತದೆ ಅದ್ರಲ್ಲಿ."

"ಬರ್ಲಿ. ಕಿಟಕಿ ತೆಗ್ದಿದ್ದೀನಿ."

ಪುಟ್ಟಸ್ವಾಮಣ್ಣ ಕೂತರು. ಆಪರೇಟ್ರು ಪಕ್ಕದಲ್ಲಿ ನಿಂತು ಕೈ ಹಿಂದೆ ಕಟ್ಟಿಕೊಂಡರು. ಮೊದಲ ದಿನವೇ ಹೇಳಿದ್ದು: "ಕೈ ನಿಮ್ದು, ಬಾಯಿ ನಂದು. ನಾನು ಮುಟ್ಟಾಕಿಲ್ಲ."

ಪುಟ್ಟಸ್ವಾಮಣ್ಣನ ಬಗ್ಗೆ ಒಂದು ಮಾತು. ಸರ್ವಿಸಿನ ಬಹುಪಾಲು ಕಾರ್ಬನ್ ಇಟ್ಟು ಕಂದಾಯದ ರಸೀದಿ ಬರೆದವರು. ಕೆಳಗಿನ ಹಾಳೆಗೂ ಮೂಡಲಿ ಎಂದು ಒತ್ತಿ ಬರೆದೂ ಬರೆದೂ ಅವರ ಬೆರಳಿಗೆ ಒತ್ತುವುದೇ ಅಭ್ಯಾಸ. ಮೊಹರು ಹಾಕುವಾಗಲೂ ಅಷ್ಟೇ, ಒಂದು ಸಲಕ್ಕೆ ನಂಬಿಕೆಯಿಲ್ಲ. ನಮ್ಮಲ್ಲಿ ನೆಟ್‌ವರ್ಕ್ ನಿಧಾನ. ಒಂದು ಗುಂಡಿ ಒತ್ತಿದ ಮೇಲೆ ತೆರೆಯ ನಡುವೆ ಚಕ್ರವೊಂದು ತಿರುಗುತ್ತಲೇ ಇರುತ್ತದೆ. ಪುಟ್ಟಸ್ವಾಮಣ್ಣ ಅದು ನಿಲ್ಲುವವರೆಗೂ ಒತ್ತುತ್ತಲೇ ಇದ್ದರು. ಒಂದು ಮನೆಗೆ ಮೂರು ರಸೀದಿ ಹೊರಬಂದವು. ಮನೆಯ ಯಜಮಾನ ಅವನ್ನು ಹಿಡಿದು ಬಂದು, ನಮ್ಮ ಮನೆಗೇನು ಮೂರು ಅಂತಸ್ತು ಕಂಡ್ರಾ ಎಂದು ಕೇಳಿದ.

ಅದನ್ನು ರದ್ದು ಮಾಡಿಸಲು ಆಪರೇಟ್ರು ಸಾಕಷ್ಟು ಓಡಾಡಬೇಕಾಯಿತು. ಬೈಯಲಿಲ್ಲ. ಪುಟ್ಟಸ್ವಾಮಣ್ಣನ ಮನೆಯವರು ಹಿಂದೆ ಆಲೆಮನೆ ನಡೆಸುತ್ತಿದ್ದದ್ದು ಅವರಿಗೆ ಗೊತ್ತಿತ್ತು.

"ಅಣ್ಣ, ಕೊಪ್ಪರಿಗೇಲಿ ಪಾಕ ಬರೋಕ್ಮುಂಚೆ ಅಚ್ಚಿಗೆ ಉಯ್ತಿದ್ರಾ?"

"ಉಯ್ದ್ರೆ ಬೆಲ್ಲ ಆಯ್ತದಾ? ನೀರಾಯ್ತದೆ."

"ಈ ಚಕ್ರ ತಿರುಗ್ತಿರೋದೂ ಅಂಗೇಯ. ಒಳ್ಗೆ ಕುದೀತಾ ಅದೆ. ಪಾಕ ಬರ್ಲಿ. ಅಲ್ಲೀಗಂಟ ಕೈ ಕಟ್ಕಳಿ."

ಅಂದಿನಿಂದ ಚಕ್ರ ತಿರುಗುತ್ತಿದ್ದರೆ ಪುಟ್ಟಸ್ವಾಮಣ್ಣ ಎರಡೂ ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡು ಕೂರುತ್ತಿದ್ದರು. 'ಪಾಕ ಬರ್ಲಿ' ಎಂಬುದು ನಮ್ಮ ಕಚೇರಿಯ ಮಾತಾಯಿತು. ಕಾಯುತ್ತಿರುವ ಜನಕ್ಕೂ ಅರ್ಥವಾಗುತ್ತಿತ್ತು, ಕಬ್ಬಿನ ಸೀಮೆಯಲ್ಲವೇ.

ಆಪರೇಟ್ರದು ಇನ್ನೊಂದು ಕಟ್ಟಳೆ ಇತ್ತು. ಒಂದು ಕೆಲಸ ಕಲಿತ ಮೇಲೆ ಅದನ್ನು ಇನ್ನೊಬ್ಬರಿಗೆ ಹೇಳಿಕೊಟ್ಟು ಬರಬೇಕು. ಅಲ್ಲಿಯವರೆಗೂ ಮುಂದಿನದು ಇಲ್ಲ. ನಾನು ಜನನದ ಅರ್ಜಿ ತುಂಬುವುದನ್ನು ಕಲಿತು ಮರುದಿನ ಹೋದಾಗ, ಯಾರಿಗೆ ಹೇಳಿಕೊಟ್ರಿ ಮೇಡಂ ಎಂದು ಕೇಳಿದರು. ಯಾರಿಗೂ ಇಲ್ಲ ಎಂದೆ. ಹಾಗಾದರೆ ಇನ್ನೂ ಕಲಿತಿಲ್ಲ ಎಂದು ತಮ್ಮ ಕೆಲಸ ನೋಡಿಕೊಂಡರು. ನನಗೆ ಸ್ವಲ್ಪ ಕೋಪ ಬಂತು. ಆದರೆ ನೀರುಗಂಟಿ ಮಾದೇಶನನ್ನು ಕೂರಿಸಿಕೊಂಡು ಹೇಳಿಕೊಡಲು ಹೋದಾಗ, ನನಗೆ ಎಲ್ಲೆಲ್ಲಿ ಗೊತ್ತಿಲ್ಲ ಎಂಬುದು ಗೊತ್ತಾಯಿತು. ಮಾದೇಶ ಕೇಳಿದ ಪ್ರಶ್ನೆಗಳನ್ನು ಅವರ ಬಳಿ ತಂದೆ. ಅವರು ಉತ್ತರ ಹೇಳಲಿಲ್ಲ. "ಪರದೆ ಮ್ಯಾಲೆ ಏನ್ ಬರ್ದದೆ, ಮೊದ್ಲು ಓದಿ" ಎಂದರು. ಓದಿದೆ. ಉತ್ತರ ಅಲ್ಲೇ ಇತ್ತು. ನಾವು ಕಂಪ್ಯೂಟರಿಗೆ ಹೆದರುವವರು ಅದು ಹೇಳುವುದನ್ನು ಓದುವುದಿಲ್ಲ. ಬೈಯುತ್ತಿದೆ ಎಂದುಕೊಂಡು ಮುಚ್ಚಿಬಿಡುತ್ತೇವೆ.

ಅಧ್ಯಕ್ಷರಿಗೆ ಡಾಂಗಲ್ ವಾಪಸ್ಸು ಕೊಟ್ಟದ್ದು ದೊಡ್ಡ ಪ್ರಸಂಗವೇ ಆಯಿತು. ಜಯಮ್ಮನವರು ತೆಗೆದುಕೊಳ್ಳಲು ಒಪ್ಪಲಿಲ್ಲ. ನನ್ನ ಮೇಲೆ ಏನಾದ್ರೂ ಕೋಪವಾ ಎಂದು ಕೇಳಿದರು. "ನಿಮ್ಮ ಸಹಿ ನಿಮ್ಮತ್ರ ಇರ್ಲಿ ಅಕ್ಕ. ನಾನು ಆಸ್ಪತ್ರೇಲಿ ಮಲಗಿದ್ದಾಗ ನಿಮ್ಮ ಸಹಿನೂ ನನ್ನ ಜೊತೇಲಿ ಮಲಗ್ಬೇಕಾ" ಎಂದರು ಅವರು. ಜಯಮ್ಮನವರು ಅದನ್ನು ಸೊಂಟದ ಬೀಗದ ಕೈ ಗೊಂಚಲಿಗೆ ಸೇರಿಸಿಕೊಂಡರು. ಅಧ್ಯಕ್ಷರಿಗೆ ಹೇಳಿಕೊಡುವ ಸರದಿ ಪುಟ್ಟಸ್ವಾಮಣ್ಣನದು. ಪುಟ್ಟಸ್ವಾಮಣ್ಣ ಕೈ ಹಿಂದೆ ಕಟ್ಟಿ ನಿಲ್ಲಲು ಪಟ್ಟ ಪಾಡು ಈಗಲೂ ಕಣ್ಣ ಮುಂದಿದೆ; ಕೈ ಮತ್ತೆ ಮತ್ತೆ ಮುಂದೆ ಬರುತ್ತಿತ್ತು, ಅಧ್ಯಕ್ಷರು ಅದಕ್ಕೆ ಒಂದೊಂದು ಪೆಟ್ಟು ಕೊಡುತ್ತಿದ್ದರು. ಮೊದಲ ಬಿಲ್ಲಿಗೆ ತಾವೇ ಸಹಿ ಮಾಡಿದ ದಿನ ಜಯಮ್ಮನವರು ಆ ಬಿಲ್ಲು ಯಾವುದರದು ಎಂದೂ ಕೇಳಿದರು. ಹಾಗೆ ಅವರು ಕೇಳಿದ್ದು ಅದೇ ಮೊದಲು.

ಡಯಾಲಿಸಿಸ್ ಮುಗಿಸಿ ಬರುವಾಗ ಆಪರೇಟ್ರು ಮಂಡ್ಯದಿಂದ ಮಳವಳ್ಳಿಗೆ ನೇರ ಬಸ್ಸು ಹಿಡಿಯುತ್ತಿರಲಿಲ್ಲ. ಮದ್ದೂರಿಗೆ ಬಂದು ಬಸ್ಸು ಬದಲಿಸುತ್ತಿದ್ದರು. ಸುತ್ತು ದಾರಿ. ಯಾಕೆಂದು ನನಗೆ ಗೊತ್ತಾದದ್ದು ಒಂದು ದಿನ ನಾನೂ ಮಂಡ್ಯದಲ್ಲಿ ಮೀಟಿಂಗ್ ಮುಗಿಸಿ ಅವರ ಜೊತೆ ಬಂದಾಗ. ಮದ್ದೂರು ಬಸ್ ನಿಲ್ದಾಣದ ಹತ್ತಿರದ ಒಂದು ಹೋಟೆಲಿನಲ್ಲಿ ಬೆಸಗರಹಳ್ಳಿ ಕಡೆಯ ಪಂಚಾಯಿತಿಗಳ ಕೆಲವರು ಕಾದಿದ್ದರು. ಒಬ್ಬರು ಲ್ಯಾಪ್‌ಟಾಪ್ ತಂದಿದ್ದರು. ಆಪರೇಟ್ರು ಎಲ್ಲರಿಗೂ ವಡೆ ಹೇಳಿದರು. ಉಪ್ಪು ಕೂಡದೆಂದು ತಾವು ತಿನ್ನಲಿಲ್ಲ. ಕಾಫಿಯನ್ನು ಎರಡು ಗುಟುಕು ಕುಡಿದು ಲೋಟ ಸರಿಸಿದರು. ಆಮೇಲೆ ಎದ್ದು ಲ್ಯಾಪ್‌ಟಾಪಿನ ಪಕ್ಕ ನಿಂತು ಕೈ ಹಿಂದೆ ಕಟ್ಟಿದರು. ಬಟ್ಟಲು ಎತ್ತಲು ಬಂದವನು, ಸಾರ್ ಕೂತ್ಕೊಳ್ಳಿ ಎಂದ. ಅವರು ಕೂರಲಿಲ್ಲ.

ಬಸ್ಸಿನಲ್ಲಿ ಅವರ ಎಡಗೈಯನ್ನು ಮೊದಲ ಸಲ ನೋಡಿದೆ. ಶರ್ಟಿನ ತೋಳು ಮೇಲೆ ಸರಿದಿತ್ತು. ಸೂಜಿ ಚುಚ್ಚುವ ಜಾಗದಲ್ಲಿ ನರ ಉಬ್ಬಿ ಹಗ್ಗದ ಹಾಗೆ ಎದ್ದಿತ್ತು. ನಾನು ನೋಡಿದ್ದನ್ನು ಅವರು ನೋಡಿದರು, ತೋಳು ಇಳಿಸಿಕೊಂಡರು. ನೋಯ್ತದಾ ಎಂದು ಕೇಳಿದೆ. ಚುಚ್ಚುವಾಗ ಮಾತ್ರ ಎಂದರು. 

ಒಂದು ವರ್ಷ ಕಳೆಯುವಷ್ಟರಲ್ಲಿ ಅವರು ಇಲ್ಲದ ದಿನವೂ ನಮ್ಮಲ್ಲಿ ಕೆಲಸ ನಡೆಯತೊಡಗಿತು. ಕೆಂಪಮ್ಮನವರ ಖಾತೆ ನಕಲು ಕೊಟ್ಟದ್ದು ಪುಟ್ಟಸ್ವಾಮಣ್ಣನೇ. ಹೆಮ್ಮೆ ಪಡಬೇಕಾದ ಹೊತ್ತಿನಲ್ಲಿ ಪುಟ್ಟಸ್ವಾಮಣ್ಣನಿಗೆ ದಿಗಿಲು ಹತ್ತಿತು. ಒಂದು ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತಾ ಹೇಳಿಯೇಬಿಟ್ಟರು.

"ನಿನ್ನ ಅನ್ನಕ್ಕೆ ನೀನೇ ಮಣ್ಣಾಕ್ಕೊತ್ತಿದ್ದೀಯ ಕಣ್ಲಾ. ನಮ್ಗೆಲ್ಲಾ ಬತ್ತದೆ ಅಂತಾದ್ರೆ ನಿನ್ನ ಯಾರ್ಲಾ ಇಟ್ಕತ್ತಾರೆ? ಒಂದೆರಡಾದ್ರೂ ನಿನ್ನತ್ರ ಮಡಿಕ್ಕೊ."

"ಏನ್ ಮಡಿಕ್ಕಳನ ಅಣ್ಣ?"

"ಏನಾರ. ಗುಟ್ಟು ಬುಟ್ಕೊಟ್ಟೋನು ಕೆಟ್ಟ."

ಆಪರೇಟ್ರು ಡಬ್ಬಿ ತೊಳೆಯಲು ಎದ್ದು ಹೋದರು.  ಹೆದರಿಕೆ ಇರಲಿಲ್ಲವೆಂದು ನಾನು ಹೇಳಲಾರೆ. ಗುತ್ತಿಗೆ ಮುಂದುವರಿಯುವ ತಿಂಗಳು ಬಂದರೆ ಅವರು ನಡಾವಳಿ ಪುಸ್ತಕ ನನ್ನ ಮೇಜಿನ ಮೇಲಿದೆಯೇ ಎಂದು ದೂರದಿಂದಲೇ ನೋಡಿ ಹೋಗುತ್ತಿದ್ದರು.

ಪುಟ್ಟಸ್ವಾಮಣ್ಣ ಹೇಳಿದ ದಿನ ಬಂದೇ ಬಂತು. ತಾಲ್ಲೂಕಿನಿಂದ ಒಬ್ಬ ಅಧಿಕಾರಿ ತಪಾಸಣೆಗೆ ಬಂದರು. ಕೆಟ್ಟ ಮನುಷ್ಯರಲ್ಲ, ಕೇಳಿದ್ದೂ ನ್ಯಾಯವಾದ ಪ್ರಶ್ನೆಯೇ. ನಿಮ್ಮ ಆಪರೇಟರ್ ವಾರದಲ್ಲಿ ಎರಡು ದಿನ ಇರುವುದಿಲ್ಲ, ಆದರೂ ಇಲ್ಲಿ ಅರ್ಜಿ ಬಾಕಿ ಇಲ್ಲ. ಹಾಗಾದರೆ ನಿಮಗೇ ಎಲ್ಲ ಬರುತ್ತದೆ ಎಂದಾಯಿತು, ಬೇರೆ ಆಪರೇಟರ್ ಯಾಕೆ ಬೇಕು?

ಕೋಣೆಯಲ್ಲಿ ನಾವು ನಾಲ್ವರಿದ್ದೆವು: ಜಯಮ್ಮನವರು, ಪುಟ್ಟಸ್ವಾಮಣ್ಣ, ನಾನು, ಬಾಗಿಲ ಬಳಿ ಆಪರೇಟ್ರು. ನಾವು ಮೊದಲೇ ಮಾತಾಡಿಕೊಂಡಿರಲಿಲ್ಲ. ಪುಟ್ಟಸ್ವಾಮಣ್ಣ ಎರಡೂ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಹೇಳಿದರು:

"ನಮ್ಗೇನ್ ಬತ್ತದೆ ಸಾರ್. ಕಾರ್ಬನ್ ಮಡಗಿ ರಸೀದಿ ಬರ್ಯೋರು ನಾವು. ಎಲ್ಲಾ ಅವ್ರೇ ಬಂದು ಮಾಡ್ಬೇಕು."

ಜಯಮ್ಮನವರು ಸೆರಗನ್ನು ಸೊಂಟದ ಮೇಲೆ ಎಳೆದುಕೊಂಡರು. ಅಲ್ಲಿ ಗೊಂಚಲಿನಲ್ಲಿ ಡಾಂಗಲ್ ಇತ್ತು. ಅಧಿಕಾರಿ ನನ್ನ ಕಡೆ ನೋಡಿದರು. ನಾನು ಪುಟ್ಟಸ್ವಾಮಣ್ಣನ ಮಾತನ್ನು ಅಲ್ಲಗಳೆಯಲಿಲ್ಲ. ಅದು ಸರಿಯೋ ತಪ್ಪೋ ನನಗೆ ಇವತ್ತಿಗೂ ಗೊತ್ತಿಲ್ಲ.

ಆಪರೇಟ್ರು ಬಾಗಿಲಿನಿಂದ ಒಳಗೆ ಬಂದರು. ಮುಖ ಬಿಳಿಚಿಕೊಂಡಿತ್ತು. ಹಿಂದಿನ ದಿನವಷ್ಟೇ ಮಂಡ್ಯಕ್ಕೆ ಹೋಗಿ ಬಂದಿದ್ದರು.

"ನನ್ನ ಉಳ್ಸೋಕೆ ಅಂಗ್ ಹೇಳ್ತಾವ್ರೆ ಸರ್. ಅವ್ರಿಗೆ ಎಲ್ಲಾ ಬತ್ತದೆ. ಪುಟ್ಟಸ್ವಾಮಣ್ಣ, ಕೂತ್ಕಳಿ."

ಪುಟ್ಟಸ್ವಾಮಣ್ಣ ಕದಲಲಿಲ್ಲ.

"ಕೂತ್ಕಳಿ ಅಣ್ಣ. ಬರಾಕಿಲ್ಲ ಅಂದ್ಬುಟ್ರೆ ನಾನು ಇಷ್ಟು ದಿನ ನಿಂತಿದ್ದು ಯಾತಕ್ಕೆ?"

ಪುಟ್ಟಸ್ವಾಮಣ್ಣ ಕೂತರು. ಒಂದು ಮನೆಯ ಖಾತೆ ನಕಲನ್ನು ಮೊದಲಿನಿಂದ ಕೊನೆಯವರೆಗೂ ತೆಗೆದರು. ಕಣ್ಣಲ್ಲಿ ನೀರಿತ್ತು, ಆದರೂ ಒಂದು ಅಂಕಿ ತಪ್ಪಲಿಲ್ಲ. ಚಕ್ರ ತಿರುಗುವಾಗ ಕೈಗಳನ್ನು ಕಂಕುಳಿಗೆ ಸೇರಿಸಿ ಕಾದರು. ಅಧಿಕಾರಿ ಕಾಗದ ಕೈಗೆತ್ತಿಕೊಂಡು ನೋಡಿ, ಇದನ್ನೆಲ್ಲ ಯಾರು ಕಲಿಸಿದ್ದು ಎಂದು ಕೇಳಿದರು.

"ಒಬ್ರಿಗೊಬ್ರು ಸರ್" ಎಂದರು ಅವರು.

ಅಧಿಕಾರಿ ಹೋದ ಮೇಲೆ ಜಗಲಿಯಲ್ಲಿ ಪುಟ್ಟಸ್ವಾಮಣ್ಣ ಆಪರೇಟ್ರ ಮೇಲೆ ಹರಿಹಾಯ್ದರು. ನಾವು ಹಗ್ಗ ಎಸೆದರೆ ಅದನ್ನೇ ಕೊಯ್ದುಕೊಂಡೆಯಲ್ಲ, ಹೆಣ್ಣುಮಕ್ಕಳ ಮುಖವಾದರೂ ನೆನಪಾಗಲಿಲ್ಲವೇ ಎಂದೆಲ್ಲ. ಅವರು ಪೂರ್ತಿ ಕೇಳಿಸಿಕೊಂಡರು.

"ನೆನಪಾಯ್ತು ಅಣ್ಣ. ಕೆಂಪಮ್ಮಾರೂ ನೆನಪಾದ್ರು" ಎಂದರು. ಅಷ್ಟೇ ಹೇಳಿ ಬಸ್ಸಿಗೆ ಹೊರಟರು.

ಅವರನ್ನು ತೆಗೆಯಲಿಲ್ಲ. ಆದರೆ ಮೊದಲಿನ ಹಾಗೆ ಬಿಡಲೂ ಇಲ್ಲ. ವಾರದಲ್ಲಿ ಕೆಲವು ದಿನ ಬ್ಲಫ್ ಎಂಬ ಊರಿನ ದಾರಿಯ ಇನ್ನೊಂದು ಪಂಚಾಯಿತಿಗೆ ಹೋಗಬೇಕೆಂದು ಆದೇಶ ಬಂತು. ಅಲ್ಲಿ ಆಪರೇಟರ್ ಇರಲಿಲ್ಲ. ಮಂಡ್ಯ ಒಂದು ದಿಕ್ಕು, ಬ್ಲಫ್ ಇನ್ನೊಂದು ದಿಕ್ಕು. ಎರಡರ ನಡುವೆ ಅವರ ವಾರ ಕಳೆಯುತ್ತಿತ್ತು. ಅದರಿಂದಲೇ ಆರೋಗ್ಯ ಕೆಟ್ಟಿತು ಎನ್ನಲು ನಾನು ಡಾಕ್ಟರಲ್ಲ. ಸೊರಗಿದ್ದು ಮಾತ್ರ ಕಂಡೆ. ಅಲ್ಲಿ ಹೇಗಿದೆ ಎಂದು ಕೇಳಿದರೆ ಖುಷಿಯಿಂದ ಹೇಳುತ್ತಿದ್ದರು: ಅಲ್ಲಿನ ಬಿಲ್ ಕಲೆಕ್ಟರಮ್ಮ ಒಂದೇ ಸಲ ಒತ್ತುತ್ತಾರಂತೆ, ನಮ್ಮ ಪುಟ್ಟಸ್ವಾಮಣ್ಣನ ಹಾಗಲ್ಲವಂತೆ. ಪುಟ್ಟಸ್ವಾಮಣ್ಣ ಅದನ್ನು ಕೇಳಿ, ಅವ್ರ ಮನೇಲಿ ಆಲೆಮನೆ ಇರ್ನಿಲ್ಲ ಬುಡು, ಅದ್ಕೆ ಎಂದರು.

ಆಪರೇಟ್ರು ಮನೆಯಲ್ಲೇ ಹೋದರು, ಬೆಳಗಿನ ಹೊತ್ತು, ಮಂಡ್ಯಕ್ಕೆ ಹೊರಡಲು ಶರ್ಟು ಹಾಕಿಕೊಳ್ಳುವಾಗ.

ಅವರ ಮನೆ ನಮ್ಮ ಪಂಚಾಯಿತಿಯ ವ್ಯಾಪ್ತಿಗೇ ಸೇರಿದ್ದು. ಜನನ-ಮರಣದ ನೋಂದಣಿಯೂ ನಮ್ಮ ಕಚೇರಿಯದೇ, ಮಾಡಬೇಕಾದವಳು ನಾನು. ತಿಥಿ ಕಳೆದ ಮೇಲೆ ಅವರ ಹೆಂಡತಿ ತಮ್ಮ ಅಣ್ಣನನ್ನು ಕರೆದುಕೊಂಡು ಬಂದರು. ಪ್ಲಾಸ್ಟಿಕ್ ಕವರಿನಲ್ಲಿ ಆಧಾರ್, ಆಸ್ಪತ್ರೆಯ ಚೀಟಿ. ಕಿಟಕಿಯಿಂದ ಒಳಗೆ ನೋಡಿದರು. ಆ ಕುರ್ಚಿ ಕಂಡಿರಬೇಕು.

"ಈಗ ಯಾರವ್ರೆ ಇಲ್ಲಿ ಆಪರೇಟ್ರು?" ಎಂದು ಕೇಳಿದರು.

 ಪುಟ್ಟಸ್ವಾಮಣ್ಣ ಹೇಳಿದರು: "ನಾವೇ ಕಣಮ್ಮ. ಬಾ, ಒಳೀಕ್ಕೆ ಬಾ."

ನಾನು ಕುರ್ಚಿಯಲ್ಲಿ ಕೂತೆ. ಹೆಸರು ತುಂಬಿದೆ. ಗಂಡು, ವಯಸ್ಸು, ವಿಳಾಸ. ಉದ್ಯೋಗ ಎಂಬಲ್ಲಿ ನನ್ನ ಬೆರಳು ನಿಂತಿತು. ಮುಂದೆ ಹೋಗಲಿಲ್ಲ. ತೆರೆ ಮಂಜಾಯಿತು. ಎಡಗಡೆ ನಿಂತಿದ್ದ ಪುಟ್ಟಸ್ವಾಮಣ್ಣನ ಕೈ ಮುಂದೆ ಬಂತು. ಮೌಸಿನ ಹತ್ತಿರದವರೆಗೂ ಬಂದು ಅಲ್ಲೇ ತಡೆಯಿತು. ಮತ್ತೆ ಬೆನ್ನ ಹಿಂದಕ್ಕೆ ಹೋಯಿತು. ಒಳಕೋಣೆಯಿಂದ ಜಯಮ್ಮನವರು ಬಂದು ಪುಟ್ಟಸ್ವಾಮಣ್ಣನ ಪಕ್ಕ ನಿಂತರು. ಅವರ ಕೈಯೂ ಹಿಂದೆಯೇ ಇತ್ತು.

"ಏನ್ ಬರ್ದದೆ ಓದಿ ಮೇಡಂ" ಎಂದರು ಪುಟ್ಟಸ್ವಾಮಣ್ಣ, ಮೆಲ್ಲಗೆ.

ನಾನು ಗಟ್ಟಿಯಾಗಿ ಓದಿದೆ. ತುಂಬಿದೆ. ಕೊನೆಯ ಗುಂಡಿಯನ್ನು ಒಂದೇ ಒಂದು ಸಲ ಒತ್ತಿದೆ. ಚಕ್ರ ತಿರುಗತೊಡಗಿತು.

ಅದು ತಿರುಗುತ್ತಲೇ ಇತ್ತು. ನಾವೆಲ್ಲ ಅದನ್ನೇ ನೋಡುತ್ತಿದ್ದುದನ್ನು ಕಂಡು ಆಪರೇಟ್ರ ಹೆಂಡತಿ ಕವರನ್ನು ಮಡಿಸಿಕೊಂಡರು. ಕಚೇರಿಗಳಿಗೆ ಓಡಾಡಿ ಅಭ್ಯಾಸವಾದವರು ಹಾಗೆ ಮಡಿಸಿಕೊಳ್ಳುತ್ತಾರೆ.

"ನಾಳೆ ಬರ್ಲಾ?" ಎಂದರು.

"ಬ್ಯಾಡ ಕಣವ್ವ" ಎಂದರು ಪುಟ್ಟಸ್ವಾಮಣ್ಣ. "ಕೂತ್ಕೊ. ಪಾಕ ಬತ್ತದೆ. ಇವತ್ತೇ ತಕ್ಕೊಂಡೋಗು."

ಆಕೆ ಬೆಂಚಿನ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ಪ್ರಿಂಟರ್ ಶಬ್ದ ಮಾಡಿತು.